ದೀಪ ಬೆಳಗಿಸಿದವರ ಹೆಸರು ಕೊನೆಯ ಸಾಲಿಗೆ

ಕಾಸರಗೋಡು ಜಿಲ್ಲೆಯ ಒಂದು ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ ನಾನು ಪಾಠ ಮಾಡುತ್ತೇನೆ. ಪಾಠದ ಜೊತೆಗೆ ಇನ್ನೊಂದು ಕೆಲಸವೂ ನನ್ನ ಪಾಲಿಗೆ ಬಂದಿದೆ. ವಿಭಾಗದಲ್ಲಿ ನಡೆಯುವ ಸಂಗತಿಗಳನ್ನೆಲ್ಲ ಕನ್ನಡದಲ್ಲಿ ಬರೆದು ಪತ್ರಿಕೆಗಳಿಗೆ ಕಳಿಸುವುದು. ಇಂಗ್ಲಿಷ್, ಮಲಯಾಳದಲ್ಲಿ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಕನ್ನಡಕ್ಕೆ ಪೆರ್ಲದ ಕಡೆಯ ನಾನೊಬ್ಬಳೇ. ಬೇರೆ ಕಾಲೇಜುಗಳಲ್ಲಿ ಇಂಥದ್ದೇ ಕೆಲಸ ಶುರು ಮಾಡುವವರಿಗೆ ಉಪಯೋಗವಾದೀತು ಅಂತ, ನಾನು ಹೇಗೆ ಮಾಡುತ್ತಾ ಬಂದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಳೆಯ ಪ್ರಕಟಣೆಗಳ ಫೈಲು ತೆಗೆದು ನೋಡಿದರೆ ಎಲ್ಲದಕ್ಕೂ ಒಂದೇ ಅಚ್ಚು. ವಿಚಾರ ಸಂಕಿರಣ ಜರಗಿತು, ಇಂಥವರು ದೀಪ ಬೆಳಗಿಸಿ ಉದ್ಘಾಟಿಸಿದರು, ಇಂಥವರು ಅಧ್ಯಕ್ಷತೆ ವಹಿಸಿದ್ದರು, ಇಂಥವರು ಸ್ವಾಗತಿಸಿದರು, ಇಂಥವರು ವಂದಿಸಿದರು. ನಡುವೆ ಎಲ್ಲೋ ಒಂದು ಕಡೆ "ವಿಷಯದ ಕುರಿತು ಮಾತನಾಡಿದರು" ಅಂತ ಇರುತ್ತದೆ. ಏನು ಮಾತನಾಡಿದರು? ಅದು ಇಲ್ಲ. ದೂರದಿಂದ ಬಂದು ಒಬ್ಬರು ಗಂಟೆಗಟ್ಟಲೆ ಹೇಳಿದ ವಿಷಯ ಪೂರ್ತಿ ಆ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ಅಲ್ಲ, ಇದನ್ನು ಓದುವವರು ಯಾರು? ಬದಿಯಡ್ಕದಲ್ಲೋ ಪೈವಳಿಕೆಯಲ್ಲೋ ಬೆಳಿಗ್ಗೆ ಪೇಪರ್ ಬಿಡಿಸುವ ಅಡಿಕೆ ಬೆಳೆಗಾರರು, ಕುಂಬಳೆ ಪೇಟೆಯ ಅಂಗಡಿಯವರು, ಬಿಕಾಂ ಮುಗಿಸಿದ ಮಗಳನ್ನು ಎಂಬಿಎಗೆ ಕಳಿಸುವುದೋ ಬೇಡವೋ ಅಂತ ಯೋಚಿಸುತ್ತಿರುವ ಅಮ್ಮ. ಅವರಿಗೆ ನಮ್ಮ ವೇದಿಕೆಯಲ್ಲಿ ಯಾರು ಎಲ್ಲಿ ಕೂತರು ಅನ್ನುವುದರಿಂದ ಏನೂ ಆಗಬೇಕಾಗಿಲ್ಲ. ಬಿಸಿನೆಸ್ ಸ್ಕೂಲ್ ಅಂದರೆ ದುಡ್ಡು, ಅಂಗಡಿ, ಸಾಲ, ಮಾರ್ಕೆಟ್, ಕೆಲಸ ಇವುಗಳ ಬಗ್ಗೆ ಕಲಿಸುವ ಜಾಗ. ಇಷ್ಟೆಲ್ಲ ಇರುವಲ್ಲಿಂದ ಜನರಿಗೆ ಉಪಯೋಗವಾಗುವ ಒಂದು ಸಾಲೂ ಹೊರಗೆ ಬರದಿದ್ದರೆ ಅದು ನಿಜಕ್ಕೂ ನಷ್ಟ. ಹಾಗಾಗಿ ಒಂದು ನಿಯಮ ಮಾಡಿಕೊಂಡೆ. ಮೊದಲ ಪ್ಯಾರಾದಲ್ಲಿ ಓದುಗರಿಗೆ ಬೇಕಾದ ವಿಷಯ ಇರಲೇಬೇಕು, ದೀಪ ಬೆಳಗಿಸಿದವರ ಹೆಸರು ಕೊನೆಯ ಸಾಲಿಗೆ.

ಒಂದು ಉದಾಹರಣೆ ಕೊಡುತ್ತೇನೆ. ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡುವ ಅಧಿಕಾರಿಯೊಬ್ಬರು ಅತಿಥಿ ಉಪನ್ಯಾಸಕ್ಕೆ ಬಂದಿದ್ದರು. ಸಣ್ಣ ಅಂಗಡಿಯವರು ಸಾಲ ಕೇಳಿದಾಗ ತಾನು ಏನೇನು ನೋಡುತ್ತೇನೆ ಅಂತ ಒಂದೊಂದಾಗಿ ಹೇಳಿದರು. ಖಾತೆಯಲ್ಲಿ ದುಡ್ಡು ದಿನಾ ಓಡಾಡುತ್ತಿದೆಯಾ, ಖರೀದಿ ಬಿಲ್ಲು ಸರಿಯಾಗಿ ಇಟ್ಟಿದ್ದಾರಾ, ಕರೆಂಟ್ ಬಿಲ್ಲು ತಿಂಗಳು ತಿಂಗಳು ಕಟ್ಟಿದ್ದಾರಾ. ನಾನು ಹಿಂದಿನ ಸಾಲಿನಲ್ಲಿ ಕೂತು ಅಷ್ಟನ್ನೂ ಬರೆದುಕೊಂಡೆ. ಸುದ್ದಿ ಶುರು ಮಾಡಿದ್ದೇ ಅಲ್ಲಿಂದ. ಜೊತೆಗೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರಕಾರದ ಯೋಜನೆಯಲ್ಲಿ ಸಿಗುವ ಮುದ್ರಾ ಸಾಲದ ಲೆಕ್ಕ ಸೇರಿಸಿದೆ: ಶಿಶು 50 ಸಾವಿರದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ, ಇದಕ್ಕೆ ಅಡಮಾನ ಬೇಡ. ತರುಣ ಸಾಲ ಸರಿಯಾಗಿ ತೀರಿಸಿದವರಿಗೆ ಈಗ 20 ಲಕ್ಷದವರೆಗೂ ಅವಕಾಶ ಇದೆ. 2020ರ ಜುಲೈಯಿಂದ ಜಾರಿಯಲ್ಲಿರುವ, ಸಣ್ಣ ಉದ್ಯಮದವರು ಸರಕಾರದಲ್ಲಿ ಮಾಡಿಸಿಕೊಳ್ಳುವ ಉದ್ಯಮ್ ನೋಂದಣಿ ಬಗ್ಗೆಯೂ ಎರಡು ಸಾಲು ಹಾಕಿದೆ.

ಸುದ್ದಿ ಬಂದ ದಿನ ವಿಭಾಗದ ಆಫೀಸಿಗೆ ಫೋನು. ಬಾಯಾರು ಕಡೆಯಿಂದ ಒಬ್ಬರು ಅಕ್ಕ, ಕೇರಳದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಗುಂಪಿನಲ್ಲಿ ಹಪ್ಪಳ, ಉಪ್ಪಿನಕಾಯಿ ಮಾಡುವವರು. "ಟೀಚರೇ, ಆ ಉದ್ಯಮ್ ಮಾಡಿಸ್ಲಿಕ್ಕೆ ದುಡ್ಡು ಕೊಡ್ಲಿಕ್ಕುಂಟಾ? ಇಲ್ಲಿ ಒಬ್ಬರು ಕೇಳ್ತಿದ್ದಾರೆ" ಅಂದರು. "ಇಲ್ಲ ಅಕ್ಕ, ಒಂದು ರೂಪಾಯಿಯೂ ಇಲ್ಲ. ಸರಕಾರದ ಪೋರ್ಟಲ್‌ನಲ್ಲಿ ಆಧಾರ್, ಪ್ಯಾನ್ ನಂಬರ್ ಹಾಕಿ ನೀವೇ ಮಾಡಬಹುದು. ಬೇರೆಯವರ ಕೈಯಲ್ಲಿ ಮಾಡಿಸಿದರೆ ಅವರು ತಗೊಳ್ಳೋದು ಅವರ ಕೂಲಿ ಮಾತ್ರ" ಅಂದೆ. ಆ ಫೋನಿನಿಂದ ನನಗೆ ಆದ ಸಂತೋಷ ದೊಡ್ಡದು. ಮುಂದಿನ ಸುದ್ದಿಗಳಲ್ಲಿ ಯೋಜನೆಯ ಹೆಸರು ಬಂದಲ್ಲೆಲ್ಲ ಖರ್ಚು ಎಷ್ಟು, ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ಬರೆಯುವುದು ರೂಢಿಯಾಯಿತು.

ಇನ್ನು ಪ್ಲೇಸ್‌ಮೆಂಟ್ ಸುದ್ದಿ, ಅಂದರೆ ಓದು ಮುಗಿಸಿದವರಿಗೆ ಕಾಲೇಜಿನ ಮೂಲಕ ಸಿಕ್ಕ ಕೆಲಸದ ಸುದ್ದಿ. ಇದರ ಬಗ್ಗೆ ನನಗೆ ಹೇಳಲು ಜಾಸ್ತಿ ಇದೆ, ಯಾಕೆಂದರೆ ಅಪ್ಪ ಅಮ್ಮಂದಿರು ಗದ್ದೆ ತೋಟದ ದುಡ್ಡು ಹಾಕುವುದು ಇದನ್ನು ನೋಡಿಯೇ. ಬಿಸಿನೆಸ್ ಸ್ಕೂಲುಗಳ ಪ್ಲೇಸ್‌ಮೆಂಟ್ ಸುದ್ದಿಯಲ್ಲಿ ದಪ್ಪಕ್ಷರದಲ್ಲಿ ಇರುವುದು ಅತಿ ಹೆಚ್ಚಿನ ಪ್ಯಾಕೇಜು. ಅದು ಒಬ್ಬ ವಿದ್ಯಾರ್ಥಿಯ ಸಂಗತಿ ಅಷ್ಟೆ. ಸರಾಸರಿ ಕೊಟ್ಟರೂ ಸಾಲದು. ಐದು ಜನ ಇದ್ದಾರೆ ಅಂದುಕೊಳ್ಳಿ. ಅವರ ವಾರ್ಷಿಕ ಸಂಬಳ 3 ಲಕ್ಷ, 3 ಲಕ್ಷ, 3.5 ಲಕ್ಷ, 4 ಲಕ್ಷ, ಕೊನೆಯವರದು 14 ಲಕ್ಷ. ಸರಾಸರಿ 5.5 ಲಕ್ಷ ಬರುತ್ತದೆ. ಆದರೆ ಐವರಲ್ಲಿ ನಾಲ್ವರಿಗೆ ಅಷ್ಟು ಸಿಕ್ಕಿಲ್ಲವಲ್ಲ! ಎಲ್ಲರನ್ನೂ ಕಡಿಮೆ ಸಂಬಳದಿಂದ ಹೆಚ್ಚು ಸಂಬಳದವರೆಗೆ ಸಾಲಾಗಿ ನಿಲ್ಲಿಸಿ ಸರೀ ನಡುವೆ ನಿಂತವರ ಸಂಬಳ ನೋಡಿದರೆ 3.5 ಲಕ್ಷ. ಇದಕ್ಕೆ ಮೀಡಿಯನ್ ಅನ್ನುತ್ತಾರೆ, ನಿಜ ಸ್ಥಿತಿಗೆ ಹತ್ತಿರ ಇರುವುದು ಇದೇ. ನಮ್ಮ ಕನ್ನಡ ಸುದ್ದಿಯಲ್ಲಿ ನಾನು ಮೊದಲು ಬರೆಯುವುದು ಎಷ್ಟು ಮಂದಿ ಕೋರ್ಸ್ ಮುಗಿಸಿದರು, ಅವರಲ್ಲಿ ಎಷ್ಟು ಮಂದಿಗೆ ಕೆಲಸ ಆಯಿತು, ಎಷ್ಟು ಮಂದಿ ಮುಂದೆ ಓದಲು ಹೋದರು. ಆಮೇಲೆ ಮೀಡಿಯನ್. ಅತಿ ಹೆಚ್ಚಿನದು ಬೇಕಾದರೆ ಕೆಳಗೆ ಎಲ್ಲಾದರೂ ಬರಲಿ.

ಸಿಟಿಸಿ, ಅಂದರೆ ಒಬ್ಬ ನೌಕರನಿಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ಅನ್ನುವುದನ್ನೂ ಒಮ್ಮೆ ಬಿಡಿಸಿ ಬರೆದಿದ್ದೆ. 6 ಲಕ್ಷ ಸಿಟಿಸಿ ಅಂದ ತಕ್ಷಣ ಮನೆಯವರು 12ರಿಂದ ಭಾಗಿಸಿ ತಿಂಗಳಿಗೆ 50 ಸಾವಿರ ಅಂತ ಲೆಕ್ಕ ಹಾಕುತ್ತಾರೆ. ಅದು ಕೈಗೆ ಬರುವುದಿಲ್ಲ. ಬೇಸಿಕ್ (ಮೂಲ ಸಂಬಳ) ಅದರಲ್ಲಿ ಅರ್ಧ ಅಂತ ಇಟ್ಟುಕೊಂಡರೆ ವರ್ಷಕ್ಕೆ 3 ಲಕ್ಷ. ಕಂಪನಿ ಕಟ್ಟುವ ಪಿಎಫ್ ಅದರ 12 ಶೇಕಡಾ, ಅಂದರೆ 36 ಸಾವಿರ. ಗ್ರಾಚುಯಿಟಿ ಅಂತ 14 ಸಾವಿರ ಚಿಲ್ಲರೆ. ಕೆಲಸ ನೋಡಿ ಕೊಡುವ ವೇರಿಯಬಲ್ ಪೇ 60 ಸಾವಿರ ಇದ್ದರೆ ಅದು ವರ್ಷದ ಕೊನೆಗೆ, ಅದೂ ಪೂರ್ತಿ ಸಿಗುತ್ತದೆ ಅಂತ ಇಲ್ಲ. ಇಷ್ಟೂ ಕಳೆದು ಉಳಿದದ್ದನ್ನು ತಿಂಗಳಿಗೆ ಹಂಚಿ, ನೌಕರನ ಪಾಲಿನ ಪಿಎಫ್ 3 ಸಾವಿರ ತೆಗೆದರೆ 38 ಸಾವಿರಕ್ಕಿಂತ ಸ್ವಲ್ಪ ಕಡಿಮೆ. ಬೆಂಗಳೂರಿನಲ್ಲೋ ಕೊಚ್ಚಿಯಲ್ಲೋ ಪಿಜಿ ಬಾಡಿಗೆ ಕೊಟ್ಟು ಎಜುಕೇಶನ್ ಲೋನಿನ ಕಂತು ಕಟ್ಟಬೇಕಾದವರಿಗೆ 50ಕ್ಕೂ 38ಕ್ಕೂ ಎಷ್ಟು ಅಂತರ ಅನ್ನುವುದನ್ನು ಹೇಳಬೇಕಾಗಿಲ್ಲ. ಈ ಗೊಂದಲ ತಪ್ಪಿಸಲೆಂದೇ ಐಐಎಂ ಅಹಮದಾಬಾದ್‌ನ ಮುಂದಾಳತ್ವದಲ್ಲಿ ಪ್ಲೇಸ್‌ಮೆಂಟ್ ವರದಿ ಬರೆಯುವುದಕ್ಕೆ ಐಪಿಆರ್‌ಎಸ್ ಅನ್ನುವ ಮಾದರಿ ಬಂತು. ಪ್ರತಿ ತಿಂಗಳು ಬರುವ ಸಂಬಳ, ಒಮ್ಮೆ ಮಾತ್ರ ಕೊಡುವ ದುಡ್ಡು, ಕೆಲಸ ನೋಡಿ ಕೊಡುವುದು ಇವನ್ನು ಅದರಲ್ಲಿ ಬೇರೆ ಬೇರೆಯಾಗಿ ತೋರಿಸಬೇಕು. ಎಲ್ಲರೂ ಹಾಗೆ ಮಾಡಿದರೆ ಎಷ್ಟು ಚೆನ್ನ.

ಯಾವ ಕಾಲೇಜಿನದೇ ಆಗಲಿ, ಮೀಡಿಯನ್ ನೀವೇ ಹುಡುಕಬಹುದು. ಕಾಲೇಜುಗಳಿಗೆ ಕೇಂದ್ರ ಸರಕಾರ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕಿದ ಸಂಸ್ಥೆಗಳು ತಾವು ಕೊಟ್ಟ ಮಾಹಿತಿಯನ್ನು ತಮ್ಮ ವೆಬ್‌ಸೈಟ್‌ನಲ್ಲೂ ಹಾಕಬೇಕು. ಆ ಪಿಡಿಎಫ್ ತೆರೆದರೆ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಹೊತ್ತಿಗೆ ಸರಿಯಾಗಿ ಪಾಸಾದರು, ಎಷ್ಟು ಮಂದಿಗೆ ಕೆಲಸ, ಮೀಡಿಯನ್ ಸಂಬಳ ಎಷ್ಟು ಅಂತ ಒಂದೇ ಪಟ್ಟಿಯಲ್ಲಿ ಇರುತ್ತದೆ, ಮೂರು ವರ್ಷಗಳದ್ದು. ಅಡ್ಮಿಷನ್ ಸಮಯದಲ್ಲಿ ಫೋನು ಮಾಡುವವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ನಮ್ಮಲ್ಲಿಗೆ ಬರುವವರಿಗೂ ಹೇಳುತ್ತೇನೆ, ಬೇರೆ ಕಡೆ ಹೋಗುವವರಿಗೂ ಹೇಳುತ್ತೇನೆ.

ವಿಭಾಗದಲ್ಲಿ ಇದಕ್ಕೆ ಸ್ವಲ್ಪ ವಿರೋಧ ಬಂತು. ಹಿರಿಯ ಪ್ರೊಫೆಸರೊಬ್ಬರು ಕರೆದು "ಬೇರೆಯವರು ದೊಡ್ಡ ಸಂಖ್ಯೆ ಹಾಕುವಾಗ ನಾವು ಮಾತ್ರ ಸಣ್ಣದು ಹಾಕಿದರೆ ಹೇಗೆ?" ಅಂತ ಕೇಳಿದರು. ಅವರ ಆತಂಕ ನನಗೆ ಅರ್ಥವಾಗುತ್ತದೆ, ಸೀಟು ತುಂಬಬೇಕಲ್ಲ. ನಾನು ಹೇಳಿದ್ದು ಇಷ್ಟೇ: "ಸರ್, ಇಲ್ಲಿ ಎಲ್ಲರಿಗೂ ಎಲ್ಲರ ಪರಿಚಯ ಉಂಟು. ಪಾಸಾದ ಹುಡುಗ ಎಷ್ಟು ತಗೊಳ್ತಿದ್ದಾನೆ ಅಂತ ನೀರ್ಚಾಲಿನ ಬಸ್‌ಸ್ಟ್ಯಾಂಡಿನಲ್ಲೇ ಗೊತ್ತಾಗ್ತದೆ. ನಮ್ಮ ಲೆಕ್ಕವೂ ಅವನ ಲೆಕ್ಕವೂ ಒಂದೇ ಆಗಿದ್ರೆ ಅವನ ತಂಗಿಯೂ ಇಲ್ಲಿಗೇ ಬರ್ತಾಳೆ." ಅವರು ಸ್ವಲ್ಪ ಹೊತ್ತು ಯೋಚಿಸಿ, ಹಾಗೇ ಹೋಗಲಿ ಅಂದರು. ಅಂದಿನಿಂದ ಪ್ಲೇಸ್‌ಮೆಂಟ್ ಸೆಲ್‌ನವರು ನನಗೆ ಪೂರ್ತಿ ಪಟ್ಟಿಯನ್ನೇ ಕೊಡುತ್ತಾರೆ.

ಇಂಡಸ್ಟ್ರಿಯಲ್ ವಿಸಿಟ್ ಸುದ್ದಿಗಳದ್ದು ಬೇರೆಯೇ ಕಥೆ. ವಿದ್ಯಾರ್ಥಿಗಳು ಕಾರ್ಖಾನೆಗೆ ಭೇಟಿ ನೀಡಿದರು, ಗೇಟಿನ ಮುಂದೆ ಒಂದು ಗ್ರೂಪ್ ಫೋಟೊ, ಮುಗಿಯಿತು. ಒಮ್ಮೆ ಪುತ್ತೂರಿನ ಕ್ಯಾಂಪ್ಕೋ ಚಾಕಲೇಟ್ ಕಾರ್ಖಾನೆಗೆ ಹೋಗುವಾಗ ನಾನು ಎಲ್ಲರಿಗೂ ಒಂದು ಕೆಲಸ ಕೊಟ್ಟೆ. ಬಸ್ಸಿನಲ್ಲಿ ವಾಪಸ್ ಬರುವಾಗ ಒಬ್ಬೊಬ್ಬರೂ ತಮ್ಮ ಒಂದು ಪ್ರಶ್ನೆಯನ್ನು ಬರೆದು ಕೊಡಬೇಕು. ಅಡಿಕೆ ಬೆಲೆ ಬಿದ್ದು ಬೆಳೆಗಾರರು ಕಂಗಾಲಾಗಿದ್ದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರು ಮತ್ತು ಅವರ ಜೊತೆಯವರು ಕಟ್ಟಿದ ಸಹಕಾರಿ ಸಂಸ್ಥೆ ಕ್ಯಾಂಪ್ಕೋ. ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರದ್ದು. ಆಮೇಲೆ ಕೊಕ್ಕೋಗೂ ಅದೇ ಗತಿ ಬಂದಾಗ ಅದರ ಖರೀದಿಗೂ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ಶುರು ಮಾಡಿತು. ಇದು ನಮ್ಮ ಮನೆಮನೆಯ ಕಥೆ, ಆದರೆ ತರಗತಿಯಲ್ಲಿ ಓದುವ ಕೇಸ್ ಸ್ಟಡಿಗಳೆಲ್ಲ ಅಮೆರಿಕದ ಕಂಪನಿಗಳದ್ದು.

ಮಂಜೇಶ್ವರದ ಕಡೆಯ ಒಬ್ಬಳು ಹುಡುಗಿ ಬರೆದುಕೊಟ್ಟ ಪ್ರಶ್ನೆ ನನಗೆ ಇನ್ನೂ ನೆನಪಿದೆ. ಕೊಕ್ಕೋ ಮಾರುವ ಸದಸ್ಯನಿಗೆ ಬೀಜಕ್ಕೆ ರೇಟು ಜಾಸ್ತಿ ಬೇಕು, ಕಾರ್ಖಾನೆ ಲಾಭದಲ್ಲಿ ನಡೆಯಬೇಕಾದರೆ ಬೀಜ ಕಡಿಮೆಗೆ ಸಿಗಬೇಕು, ಆದರೆ ಕಾರ್ಖಾನೆಯ ಯಜಮಾನನೂ ಆ ಸದಸ್ಯನೇ, ಹಾಗಾದರೆ ಅವನು ಯಾವ ಕಡೆ ನಿಲ್ಲಬೇಕು? ಖಾಸಗಿ ಕಂಪನಿಯಲ್ಲಿ ಷೇರು ಇರುವವರು ಬೇರೆ, ಮಾಲು ಕೊಡುವವರು ಬೇರೆ. ಸಹಕಾರಿಯಲ್ಲಿ ಇಬ್ಬರೂ ಒಬ್ಬರೇ. ಆ ಪ್ರಶ್ನೆ ಹಿಡಿದು ತರಗತಿಯಲ್ಲಿ ಒಳ್ಳೆಯ ಚರ್ಚೆ ನಡೆಯಿತು, ನಾನು ಸುದ್ದಿ ಶುರು ಮಾಡಿದ್ದೂ ಅದೇ ಪ್ರಶ್ನೆಯಿಂದ. ಓದಿದ ತೋಟದವರು ಕೆಲವರು ತಮ್ಮ ಉತ್ತರ ಹೇಳಲು ವಿಭಾಗಕ್ಕೇ ಬಂದರು. ಒಬ್ಬರನ್ನು ತರಗತಿಗೂ ಕರೆದುಕೊಂಡು ಹೋದೆ.

ಕೆಲಸದ ಸಣ್ಣಪುಟ್ಟ ವಿಷಯಗಳನ್ನೂ ಹೇಳಿಬಿಡುತ್ತೇನೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನುಡಿ ಸಾಫ್ಟ್‌ವೇರ್‌ನ ಅಕ್ಷರಗಳಲ್ಲಿ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಾಯಿಸುವಾಗ ಒತ್ತಕ್ಷರ ಆಚೀಚೆ ಆಗುತ್ತದೆ. ಫೋಟೊವನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ವಿದ್ಯಾರ್ಥಿಗಳ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು ಅಂತ ಅವರನ್ನೇ ಕೇಳಿ. ಕಾರ್ಯಕ್ರಮ ಮುಗಿದ ಸಂಜೆಯೇ ಕಳಿಸಿ, ಮರುದಿನ ಅದು ಹಳೆಯ ಸುದ್ದಿ.

ಈಗ ಪ್ರವೇಶದ ಮಾಹಿತಿ ಸಿದ್ಧ ಮಾಡುತ್ತಿದ್ದೇನೆ. ಕೇರಳದ ಎಂಬಿಎಗೆ ಕೆಮ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ, ಅದನ್ನು ನಡೆಸುವುದು ಅಲ್ಲಿನ ಪ್ರವೇಶ ಪರೀಕ್ಷಾ ಆಯುಕ್ತರ ಕಚೇರಿ. ಕರ್ನಾಟಕದಲ್ಲಿ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪಿಜಿಸಿಇಟಿ. ಪದವಿ ಕೋರ್ಸುಗಳಿಗೆ ಕೆಇಎ ನಡೆಸುವ ಸಿಇಟಿಯ ನಿಯಮಗಳಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಗಡಿನಾಡ ಕನ್ನಡಿಗರಿಗೆ ಅಂತಲೇ ಅರ್ಹತೆಯ ಒಂದು ಕಲಂ ಇದೆ, ಎಷ್ಟೋ ಮನೆಗಳಿಗೆ ಇದು ಗೊತ್ತೇ ಇಲ್ಲ. ಅರ್ಜಿ ಹಾಕುವ ಮೊದಲು ಆ ವರ್ಷದ ಮಾಹಿತಿ ಪುಸ್ತಕದಲ್ಲಿ ಆ ಭಾಗವನ್ನು ಓದಿ, ಯಾವ ದಾಖಲೆ ಕೇಳಿದ್ದಾರೆ ನೋಡಿ, ಗ್ರಾಮ ಕಚೇರಿಯಿಂದ ಆಗಬೇಕಾದದ್ದು ಏನಾದರೂ ಇದ್ದರೆ ಈಗಲೇ ಮಾಡಿಸಿಟ್ಟುಕೊಳ್ಳಿ. ಕೊನೆಯ ವಾರದಲ್ಲಿ ಸರ್ಟಿಫಿಕೇಟಿಗೆ ಓಡುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ.