ಅಮ್ಮನಿಗೆ ಸರ್ವರ್ ತೋರಿಸಿದ್ದು

‘ಸರ್ವರ್’ ಅನ್ನೋ ಪದ ನಮ್ಮ ಮನೆಗೆ ಬಂದದ್ದು ಒಂದು ಕೌಂಟರಿನ ಆಚೆಯಿಂದ. ‘ಸರ್ವರ್ ಇಲ್ಲಮ್ಮ, ನಾಳೆ ಬನ್ನಿ’ ಅಂತ ಅಮ್ಮನನ್ನು ಎರಡು ಸಲ ವಾಪಸ್ ಕಳಿಸಿದ್ದರು. ಮನೆಗೆ ಬಂದವಳೇ ಕೇಳಿದಳು: ‘ಯಾರೋ ಅವನು ಸರ್ವರ್? ದಿನಾ ರಜೆ ಹಾಕ್ತಾನಾ?’

‘ಅದೊಂದು ದೊಡ್ಡ ಕಂಪ್ಯೂಟರ್ ಅಮ್ಮ’ ಅಂದೆ. ನಾನು ಹೇಳಿದ್ದು ತಪ್ಪು ಅಂತ ಆಮೇಲೆ ಗೊತ್ತಾಯಿತು.

ಅಟ್ಟದ ಮೇಲೆ ಹಳೆಯ ಲ್ಯಾಪ್‌ಟಾಪ್ ಇತ್ತು. 4 ಜಿಬಿ ರ್‍ಯಾಮ್, ಸ್ಕ್ರೀನಿನ ಒಂದು ಮೂಲೆ ಒಡೆದಿತ್ತು. ವಿಂಡೋಸ್ ಅಳಿಸಿ ಡೆಬಿಯನ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿದೆ, ಅದು ಉಚಿತ. ಅದರ ಮೇಲೆ, ಕೇಳಿದವರಿಗೆ ವೆಬ್ ಪುಟ ಕಳಿಸುವ ಅಪಾಚೆ ಅನ್ನೋ ಪ್ರೋಗ್ರಾಮ್. ಅಜ್ಜಿಯ ಕಾಲದ ಫೋಟೋಗಳನ್ನು ಜೋಡಿಸಿ ಒಂದು ಪುಟ ಬರೆದೆ. ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ಮನೆಯ ವೈಫೈ ರೂಟರ್‌ಗೆ ಸಿಕ್ಕಿಸಿ 192.168.1.50 ಅನ್ನೋ ವಿಳಾಸವನ್ನು ಕಾಯಂ ಮಾಡಿದೆ. ಹಾಗೆ ಮಾಡದಿದ್ದರೆ ರೂಟರ್ ಯಾವತ್ತಾದರೂ ಬೇರೆ ವಿಳಾಸ ಕೊಟ್ಟುಬಿಡಬಹುದು, ಆಮೇಲೆ ಹುಡುಕಬೇಕು.

ಅಮ್ಮನ ಫೋನಿನಲ್ಲಿ ಆ ವಿಳಾಸ ಒತ್ತಿದೆ. ಫೋಟೋ ಬಂತು. ಅವಳಿಗೆ ಫೋಟೋ ನೋಡಿ ಖುಷಿ, ನನಗೆ ಲಾಗ್ ಫೈಲ್ ನೋಡಿ. ಯಾರು ಏನು ಕೇಳಿದರೂ ಅಪಾಚೆ ಒಂದು ಸಾಲು ಬರೆದಿಡುತ್ತದೆ: ಕೇಳಿದ ಫೋನಿನ ವಿಳಾಸ, ಸಮಯ, ಏನು ಬೇಕಂತೆ, ಕೊಟ್ಟ ಉತ್ತರ. ಸಿಕ್ಕಿದರೆ 200, ಆ ಹೆಸರಿನದ್ದು ಇಲ್ಲದಿದ್ದರೆ 404. ಅಮ್ಮ ಒಂದೊಂದು ಫೋಟೋ ಒತ್ತಿದಾಗಲೂ ಒಂದೊಂದು ಸಾಲು ಬೀಳುತ್ತಿತ್ತು. ನಡುವೆ ಒಂದು 404 ಕಂಡು ಗಾಬರಿಯಾದೆ. ಹುಡುಕಿದರೆ, ಟ್ಯಾಬ್ ಮೇಲೆ ಕಾಣುವ ಪುಟ್ಟ ಐಕಾನನ್ನು ಬ್ರೌಸರ್ ತಾನಾಗಿಯೇ ಕೇಳಿತ್ತು. ನಾನು ಇಟ್ಟೇ ಇರಲಿಲ್ಲ!

ಯಾರೂ ಕೇಳದಿದ್ದಾಗ ಲಾಗ್ ಸುಮ್ನೆ ನಿಂತಿರುತ್ತದೆ. ಸರ್ವರ್ ಕೆಲಸ ಅಷ್ಟೇ. ಕಾಯುತ್ತಾ ಕೂರುವುದು, ಕೇಳಿದವರಿಗೆ ಕೊಡುವುದು. ಆ ಕೆಲಸ ಮಾಡುವುದು ಪ್ರೋಗ್ರಾಮ್, ಡಬ್ಬ ದೊಡ್ಡದೇ ಇರಬೇಕು ಅಂತೇನಿಲ್ಲ. ಅದೇ ಲ್ಯಾಪ್‌ಟಾಪಿಗೆ ಫೈಲ್ ಹಂಚಿಕೊಳ್ಳಲು ಸಾಂಬಾ ಅನ್ನೋ ಇನ್ನೊಂದು ಪ್ರೋಗ್ರಾಮ್ ಹಾಕಿದೆ. ಈಗ ಒಂದೇ ಯಂತ್ರದಲ್ಲಿ ಎರಡು ಸರ್ವರ್. ಪುಟ ಬೇಕಾದವರು 80ನೇ ಪೋರ್ಟ್‌ಗೆ ಹೋಗುತ್ತಾರೆ, ಫೈಲ್ ಬೇಕಾದವರು 445ಕ್ಕೆ. ಅಂಚೆ ಕಚೇರಿಯಲ್ಲಿ ಸ್ಟ್ಯಾಂಪಿಗೊಂದು, ಆರ್‌ಡಿಗೊಂದು ಕೌಂಟರ್ ಇದ್ದ ಹಾಗೆ.

ಇನ್ನು ‘ಸರ್ವರ್ ಇಲ್ಲ’ ಆಗಿದ್ದರ ಕಥೆ. ಮೊದಲನೇ ದಿನ ಲ್ಯಾಪ್‌ಟಾಪ್ ಮುಚ್ಚಿಟ್ಟು ಮಲಗಿದೆ. ಅದೂ ಮಲಗಿತು. ಮುಚ್ಚಿದರೂ ಏನೂ ಮಾಡಬೇಡ ಅಂತ ಸೆಟ್ಟಿಂಗ್‌ನಲ್ಲಿ ಹೇಳಬೇಕಿತ್ತು. ಮಾರನೇ ರಾತ್ರಿ ಅಮ್ಮ ಎಂದಿನಂತೆ ಎಲ್ಲ ಸ್ವಿಚ್ ಆಫ್ ಮಾಡಿದಳು. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ. ಕರೆಂಟ್ ಎಷ್ಟು ತಿನ್ನುತ್ತೆ ಅಂತ ಅವಳ ಚಿಂತೆ. 15 ವ್ಯಾಟ್ ಅಂತ ಇಟ್ಟುಕೊಂಡರೂ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ ಸುಮಾರು 11 ಯೂನಿಟ್ ಅಂತ ಲೆಕ್ಕ ತೋರಿಸಿ ಒಪ್ಪಿಸಿದೆ. ಆಮೇಲೆ ‘ಇದು ಸರ್ವರ್, ಆಫ್ ಮಾಡಬೇಡಿ’ ಅಂತ ಚೀಟಿ ಅಂಟಿಸಿದೆ. ಜಗತ್ತಿನ ಮೊದಲ ವೆಬ್ ಸರ್ವರ್ ಮೇಲೂ ಇಂಥದೇ ಚೀಟಿ ಇತ್ತು! 1990ರಲ್ಲಿ ಜಿನೀವಾ ಬಳಿಯ ವಿಜ್ಞಾನ ಸಂಶೋಧನಾ ಕೇಂದ್ರ ಸರ್ನ್‌ನಲ್ಲಿ ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಬಳಸಿದ ನೆಕ್ಸ್ಟ್ ಕಂಪ್ಯೂಟರ್ ಅದು. ಕೆಂಪು ಶಾಯಿಯಲ್ಲಿ ಬರೆದಿದ್ದರು.

ಮೂರನೇ ಸಲ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಆರಾಮಾಗಿ ಓಡುತ್ತಿತ್ತು, ಫೋನಿನಲ್ಲಿ ಮಾತ್ರ ಪುಟ ಬರಲಿಲ್ಲ. ತಲೆ ಕೆರೆದುಕೊಂಡೆ. ರೂಟರ್ ಆಫ್ ಆಗಿತ್ತು! ಸರ್ವರ್ ಕಾಯುತ್ತಲೇ ಇತ್ತು, ಅದರ ಹತ್ತಿರ ಹೋಗಲು ದಾರಿ ಇರಲಿಲ್ಲ. ರೂಟರ್‌ಗೆ ಒಂದು ಚಿಕ್ಕ ಯುಪಿಎಸ್ ತಂದೆ. ಹುಬ್ಬಳ್ಳಿಯ ಅಕ್ಕನಿಗೆ ಇವತ್ತಿಗೂ ಆ ಪುಟ ಕಾಣುವುದಿಲ್ಲ, ಅದು ಬೇರೆ ಮಾತು. 192.168 ಅಂತ ಶುರುವಾಗುವ ವಿಳಾಸಗಳು ಮನೆಯೊಳಗಿನ ಬಳಕೆಗೆ. ಹೊರಗಿನವರಿಗೆ ಬಾಗಿಲು ತೆರೆಯುವಷ್ಟು ಭದ್ರತೆಯ ವಿಷಯ ನಾನಿನ್ನೂ ಕಲಿತಿಲ್ಲ, ಹಾಗಾಗಿ ತೆರೆದಿಲ್ಲ.

ಮೊನ್ನೆ ಅದೇ ಕೌಂಟರಿನಲ್ಲಿ ಮತ್ತೆ ‘ಸರ್ವರ್ ಇಲ್ಲಮ್ಮ’ ಅಂದರಂತೆ. ಅಮ್ಮ ಅಲ್ಲೇ ನಿಂತು ಕೇಳಿದ್ದಾಳೆ: ‘ಸರ್ವರೇ ಕೆಟ್ಟಿದೆಯೋ, ನಿಮ್ಮ ರೂಟರ್ ಆಫ್ ಆಗಿದೆಯೋ?’ ಅಲ್ಲಿದ್ದ ಹುಡುಗ ಹಿಂದೆ ತಿರುಗಿ ಗೋಡೆ ನೋಡಿದನಂತೆ.