ಪೈಪಿನ ಹೋಲಿಕೆ ಬಿಟ್ಟ ಮೇಲೆ

ಕೊಲೆಸ್ಟ್ರಾಲ್ ಜಾಸ್ತಿ ಇದ್ದವರಿಗೆ ಮೊದಲೆಲ್ಲ ನಾನು ಹೇಳುತ್ತಿದ್ದುದು ಒಂದೇ ಮಾತು: "ಪೈಪಿನಲ್ಲಿ ಕೊಳೆ ಕಟ್ಟುತ್ತದಲ್ಲ, ಹಾಗೆಯೇ ರಕ್ತನಾಳದಲ್ಲಿ ಕೊಬ್ಬು ಕಟ್ಟುತ್ತದೆ." ಕೇಳಿದವರು ತಲೆಯಾಡಿಸುತ್ತಿದ್ದರು. ನನಗೂ ಸಮಾಧಾನ.

ಒಬ್ಬರ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 180ರ ಹತ್ತಿರ ಇತ್ತು. ಟ್ರೆಡ್‌ಮಿಲ್ ಟೆಸ್ಟ್ ನಾರ್ಮಲ್ ಬಂತು. ಬ್ಲಾಕ್ ಇಲ್ಲ ಅಂದ್ಮೇಲೆ ಮಾತ್ರೆ ಯಾಕೆ ಎಂದು ಅವರೇ ನಿಲ್ಲಿಸಿಬಿಟ್ಟರು. ಕೆಲವೇ ತಿಂಗಳಲ್ಲಿ ಹೃದಯಾಘಾತವಾಯಿತು. ಪುಣ್ಯಕ್ಕೆ ಉಳಿದುಕೊಂಡರು. ಆಮೇಲೆ ನನ್ನೆದುರು ಕೂತು ಕೇಳಿದರು: "ಪೈಪ್ ಚೆನ್ನಾಗಿತ್ತಲ್ವಾ ಡಾಕ್ಟ್ರೇ?"

ಆ ಪೈಪನ್ನು ಅವರ ತಲೆಗೆ ತುಂಬಿದವನು ನಾನೇ.

ಈಗ ಒಂದು ಹಾಳೆ ತೆಗೆದುಕೊಳ್ಳುತ್ತೇನೆ. ಎರಡು ಗೆರೆ ಎಳೆದು, ಅವುಗಳ ಒಳಬದಿಗೆ ಚಿಕ್ಕ ಚಿಕ್ಕ ಚೌಕಗಳ ಸಾಲು ಬರೆಯುತ್ತೇನೆ. ಇದು ನಾಳದ ಒಳಪದರ. ಒಂದೇ ಒಂದು ಜೀವಕೋಶದಷ್ಟು ದಪ್ಪ. ಆದರೆ ಸುಮ್ನೆ ಕೂರುವ ಪದರವಲ್ಲ. ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಸದಾ ತಯಾರಿಸುತ್ತಿರುತ್ತದೆ. ಅದರಿಂದಲೇ ನಾಳ ಸಡಿಲವಾಗಿರುತ್ತದೆ, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಗೋಡೆಗೆ ಅಂಟುವುದಿಲ್ಲ. ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ 1980ರಲ್ಲಿ ಮೊಲದ ರಕ್ತನಾಳದ ಒಳಪದರವನ್ನು ಉಜ್ಜಿ ತೆಗೆದು ನೋಡಿದರು. ನಾಳವನ್ನು ಸಡಿಲಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿದರೂ ಆ ನಾಳ ಸಡಿಲವಾಗಲಿಲ್ಲ. ಈ ದಾರಿಯ ಕೆಲಸಕ್ಕೆ 1998ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ಎಷ್ಟು ಸಲ ಹೇಳಿದರೂ ನನಗೆ ಬೇಸರ ಬಾರದ ಕಥೆ ಇದು.

ಎಲ್‌ಡಿಎಲ್ ಜಾಸ್ತಿಯಾದಾಗ ಅದು ಈ ಪದರದ ಕೆಳಕ್ಕೆ ನುಸುಳಿ, ಅಲ್ಲೇ ಉಳಿದು ಕೆಡುತ್ತದೆ. ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ. ಪದರಕ್ಕೆ ಅಂಟುತನ ಬರುತ್ತದೆ. ಬಿಳಿ ರಕ್ತಕಣಗಳು ಒಳಗೆ ಹೋಗಿ ಆ ಕೊಬ್ಬನ್ನು ತಿಂದು ಉಬ್ಬಿಕೊಳ್ಳುತ್ತವೆ. ಅಂದರೆ ಕೊಬ್ಬು ಸೇರುವುದು ಗೋಡೆಯ ಮೇಲಲ್ಲ, ಗೋಡೆಯ ಒಳಗೆ. ಎಷ್ಟೋ ಸಲ ಗೋಡೆ ಹೊರಗಡೆಗೆ ಉಬ್ಬುವುದರಿಂದ ರಕ್ತ ಹರಿಯುವ ದಾರಿ ಕಿರಿದಾಗಿಯೇ ಇರುವುದಿಲ್ಲ. ಟ್ರೆಡ್‌ಮಿಲ್ ಟೆಸ್ಟ್‌ಗೆ ಅದು ಸಿಗುವುದಾದರೂ ಹೇಗೆ?

ಗೋಡೆಯೊಳಗೆ ಹೀಗೆ ಸೇರಿದ ಕೊಬ್ಬಿನ ಗಂಟಿನ ಮೇಲಿನ ಹೊದಿಕೆ ತೆಳುವಾಗಿದ್ದರೆ ಒಂದು ದಿನ ಹರಿದುಹೋಗಬಹುದು. ಒಳಗಿನ ಕೊಬ್ಬಿಗೆ ರಕ್ತ ತಾಗುತ್ತದೆ. ದೇಹಕ್ಕೆ ಅದೊಂದು ಗಾಯ, ಅಷ್ಟೇ. ಬೆರಳು ಕೊಯ್ದಾಗ ಮಾಡುವುದನ್ನೇ ಇಲ್ಲೂ ಮಾಡುತ್ತದೆ: ಪ್ಲೇಟ್‌ಲೆಟ್‌ಗಳು ಮುತ್ತುತ್ತವೆ, ಫೈಬ್ರಿನ್ ಎಳೆಗಳು ಬಲೆ ಹೆಣೆಯುತ್ತವೆ, ರಕ್ತ ಹೆಪ್ಪುಗಟ್ಟುತ್ತದೆ. ಹೃದಯದ ನಾಳದಲ್ಲಿ ಆ ಹೆಪ್ಪು ಕೆಲವೇ ನಿಮಿಷಗಳಲ್ಲಿ ದಾರಿ ಮುಚ್ಚಬಲ್ಲದು.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಹಾಗಾದರೆ ಆಸ್ಪಿರಿನ್ ತಗೊಂಡ್ರೆ ಸಾಕಲ್ವಾ?" ಸಾಲದು. ಅದು ಪ್ಲೇಟ್‌ಲೆಟ್‌ಗಳನ್ನು ತಡೆಯುತ್ತದೆ, ಕೆಟ್ಟ ಪದರವನ್ನು ರಿಪೇರಿ ಮಾಡುವುದಿಲ್ಲ. ರಕ್ತಸ್ರಾವದ ಅಪಾಯವೂ ಇದೆ, ಹಾಗಾಗಿ ಡಾಕ್ಟರನ್ನು ಕೇಳದೆ ಶುರು ಮಾಡಲೇಬಾರದು. ಸ್ಟ್ಯಾಟಿನ್ ಮಾತ್ರೆ ಎಲ್‌ಡಿಎಲ್ ಇಳಿಸುತ್ತದೆ. ಅದು ಇಳಿದರೆ ಒಳಪದರ ತನ್ನ ಕೆಲಸಕ್ಕೆ ಮರಳುತ್ತದೆ, ಗಂಟಿನ ಹೊದಿಕೆ ನಿಧಾನವಾಗಿ ಗಟ್ಟಿಯಾಗುತ್ತದೆ. ಸಿಗರೇಟು ಬಿಡದಿದ್ದರೆ, ಬಿಪಿ ಮತ್ತು ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದಿದ್ದರೆ ಅದೇ ಪದರಕ್ಕೆ ಪೆಟ್ಟು ಬೀಳುತ್ತಲೇ ಇರುತ್ತದೆ.

ಬರೆದ ಹಾಳೆಯನ್ನು ಅವರ ಕೈಗೇ ಕೊಟ್ಟು ಕಳಿಸುತ್ತೇನೆ. ಮುಂದಿನ ಸಲ ಕೆಲವರು ಅದನ್ನು ಮಡಚಿಟ್ಟುಕೊಂಡು ತರುತ್ತಾರೆ, ರಿಪೋರ್ಟಿನ ಜೊತೆಗೆ.