ಹಾರಂಗಿ ಕಣಿವೆಯ ಮಣ್ಣು ಎಲ್ಲಿಂದ ಕೊಚ್ಚಿ ಹೋಗುತ್ತದೆ? ನಾನು ನಕ್ಷೆ ಮಾಡಿದ ಬಗೆ

2018ರ ಆಗಸ್ಟ್ ಮಳೆಯಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೊಡ್ಲು, ಹಟ್ಟಿಹೊಳೆ ಕಡೆಯ ಗುಡ್ಡಗಳು ಜಾರಿ, ಆ ಮಣ್ಣು ಹಾರಂಗಿ ಜಲಾಶಯದವರೆಗೂ ಬಂತು. ಅದು ಎಲ್ಲರಿಗೂ ನೆನಪಿದೆ. ಆದರೆ ಗುಡ್ಡ ಜಾರದ ವರ್ಷಗಳಲ್ಲೂ ಹೊಳೆ ಕೆಂಪಾಗಿಯೇ ಹರಿಯುತ್ತದಲ್ವಾ? ಆ ಮಣ್ಣಿನ ಮೂಲ ಹುಡುಕುವುದು ನನ್ನ ಕೆಲಸವಾಗಿತ್ತು. ಭೂಕುಸಿತದ ಲೆಕ್ಕವೇ ಬೇರೆ, ಅದನ್ನು ಇದರಲ್ಲಿ ಬೆರೆಸಲಿಲ್ಲ.

ಬಳಸಿದ್ದು, ಮಳೆಗೆ ಎಷ್ಟು ಮಣ್ಣು ಕೊಚ್ಚಿ ಹೋಗುತ್ತದೆ ಎಂದು ಅಂದಾಜು ಮಾಡುವ ಆರ್‌ಯುಎಸ್‌ಎಲ್‌ಇ ಸೂತ್ರ. ಮಳೆಯ ಹೊಡೆತ, ಮಣ್ಣಿನ ಗುಣ, ಇಳಿಜಾರು, ನೆಲದ ಹೊದಿಕೆ, ಮಣ್ಣು ತಡೆಯುವ ಕ್ರಮಗಳು: ಈ ಐದನ್ನೂ ಗುಣಿಸಿದರೆ ಉತ್ತರ. ಎಸ್‌ಆರ್‌ಟಿಎಂನ (ಬಾಹ್ಯಾಕಾಶದಿಂದ ಮಾಡಿದ ರಾಡಾರ್ ಸಮೀಕ್ಷೆ), ನೆಲವನ್ನು 30 ಮೀಟರ್ ಚೌಕಗಳಾಗಿ ಬಿಡಿಸಿ ಎತ್ತರ ತೋರಿಸುವ ದತ್ತಾಂಶ ತೆಗೆದುಕೊಂಡು, ಅಣೆಕಟ್ಟೆಯನ್ನೇ ಕೊನೆಯ ಬಿಂದು ಮಾಡಿ, ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಜಲಾನಯನದ ಗಡಿ ಎಳೆದೆ. ಇಷ್ಟು ಸುಲಭ.

ಮೊದಲ ನಕ್ಷೆಯಲ್ಲಿ ಪುಷ್ಪಗಿರಿ ಕಡೆಯ ದಟ್ಟ ಕಾಡೆಲ್ಲ ಕಡುಗೆಂಪು, ಅಂದರೆ ಸವಕಳಿ ಅತಿ ಹೆಚ್ಚು. ಮಳೆ ಜಾಸ್ತಿ, ಇಳಿಜಾರೂ ಜಾಸ್ತಿ, ಹಾಗಾಗಿ ಗುಣಾಕಾರದಲ್ಲಿ ಅವೆರಡೇ ಗೆಲ್ಲುತ್ತವೆ. ಈ ಸೂತ್ರದ ಅಳತೆಗೋಲು ಸುಮಾರು 22 ಮೀಟರ್ ಉದ್ದದ, ಶೇ. 9 ಇಳಿಜಾರಿನ ತಾಕು. ನಮ್ಮ ಬಾಣೆಗಳ (ಗದ್ದೆಗೆ ಹೊಂದಿಕೊಂಡ ಗುಡ್ಡದ ಜಮೀನು) ಇಳಿಜಾರಿಗೂ ಅದಕ್ಕೂ ಎಲ್ಲಿಯ ಹೋಲಿಕೆ? ಅದಕ್ಕೇ ಹೆಕ್ಟೇರಿಗೆ ಇಷ್ಟು ಟನ್ ಎಂಬ ಅಂಕಿಯನ್ನು ನಾನು ಯಾರಿಗೂ ಕೊಡುವುದಿಲ್ಲ. ಕಡಿಮೆ, ಮಧ್ಯಮ, ಹೆಚ್ಚು ಎಂದು ವಿಂಗಡಿಸಿ ಕೊಡುತ್ತೇನೆ.

ನಿಜವಾದ ತಲೆನೋವು ನೆಲದ ಹೊದಿಕೆ. ಉಪಗ್ರಹಕ್ಕೆ ಕಾಣುವುದು ಸಿಲ್ವರ್ ಓಕ್ ಮತ್ತು ಕಾಡು ಮರಗಳ ತಲೆ. ಕೆಳಗೆ ಕಾಫಿ, ಅದರ ಕೆಳಗೆ ನೆಲ. ಎರಡು ತೋಟಗಳು ಚಿತ್ರದಲ್ಲಿ ಒಂದೇ ಹಸಿರು. ಒಳಗೆ ಹೋಗಿ ನೋಡಿದರೆ ಒಂದರಲ್ಲಿ ದಪ್ಪ ತರಗೆಲೆ, ಸಾಲುಗಳ ನಡುವೆ ಹರಿಯುವ ನೀರು, ಮಣ್ಣು ಹಿಡಿಯುವ ತೊಟ್ಟಿಲು ಗುಂಡಿ. ಇನ್ನೊಂದರಲ್ಲಿ ಕಳೆನಾಶಕ ಹೊಡೆದು ಬೋಳಾದ ನೆಲ, ಬೇರು ಹೊರಗೆ. ಎತ್ತರದ ಎಲೆಗಳಿಂದ ಕೂಡಿ ಬೀಳುವ ದಪ್ಪ ಹನಿ ಬೋಳು ನೆಲವನ್ನು ಸುಮ್ನೆ ಬಿಡುವುದಿಲ್ಲ. ಹಾಗಾಗಿ ತೋಟಗಳಿಗೆ ಒಂದೇ ಅಂಕಿ ಹಾಕುವುದನ್ನು ಬಿಟ್ಟು, ನಡೆದು ನೋಡಿ, ನೆಲದ ಸ್ಥಿತಿಯ ಮೇಲೆ ಬೇರೆ ಬೇರೆ ಅಂಕಿ ಕೊಟ್ಟೆ. ಬದು ಇರುವ ಗದ್ದೆಗಳಿಗೆ ಕಡಿಮೆ. ಇಳಿಜಾರಿನ ಉದ್ದಕ್ಕೂ ಮಡಿ ಹೊಡೆದು ಶುಂಠಿ ಹಾಕಿದ ಜಾಗಗಳಿಗೆ ಅತಿ ಹೆಚ್ಚು. ಮಳೆ ಹಿಡಿಯುವ ಹೊತ್ತಿಗೆ ಅಲ್ಲಿ ನೆಲ ಇನ್ನೂ ಬಯಲಾಗಿಯೇ ಇರುತ್ತದೆ.

ಮಣ್ಣಿನ ಗುಣಕ್ಕೆ ಸಿಗುವ ರಾಜ್ಯಮಟ್ಟದ ನಕ್ಷೆ 1:2,50,000 ಪ್ರಮಾಣದ್ದು. ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ಎರಡೂವರೆ ಕಿಲೋಮೀಟರ್. ಇಡೀ ಗುಡ್ಡಕ್ಕೆ ಒಂದೇ ಬಣ್ಣ. ಒದ್ದೆ ಮಣ್ಣನ್ನು ಬೆರಳಲ್ಲಿ ಹೊಸೆದು ಜೇಡಿ ಎಷ್ಟು, ಮರಳು ಎಷ್ಟು ಎಂದು ಅಂದಾಜು ಮಾಡಿ ಅಲ್ಲಲ್ಲಿ ತಿದ್ದಿಕೊಂಡೆ.

ಮಾದಾಪುರದ ಬಳಿ, ಒಂದು ಕೊಲ್ಲಿಯ (ಸಣ್ಣ ತೊರೆಯ) ಪಕ್ಕ, ತೋಟದ ಕೆಲಸದ ಹೆಂಗಸೊಬ್ಬರು ಹೇಳಿದ್ದು ಉಪಯೋಗಕ್ಕೆ ಬಂತು: "ಸಾರ್, ಮೊದಲು ಈ ಕೊಲ್ಲೀಲಿ ತಿಳಿನೀರು. ಮೇಲೆ ಜೇಸಿಬಿ ತಂದು ರೋಡ್ ಮಾಡಿದ ಮೇಲೆ ಹೀಗಾಗಿದ್ದು." ರಸ್ತೆಗಾಗಿ ಗುಡ್ಡ ಕಡಿದ ಬರೆ (ನೆಟ್ಟಗೆ ನಿಲ್ಲುವ ಮಣ್ಣಿನ ಗೋಡೆ) 30 ಮೀಟರ್ ಚೌಕದಲ್ಲಿ ಮಾಯವಾಗುತ್ತದೆ. ಅದನ್ನು ಸೂತ್ರದೊಳಗೆ ತುರುಕದೆ, ಹೊಸ ರಸ್ತೆ ಮತ್ತು ಮನೆ ನಿವೇಶನಗಳ ಬರೆಗಳನ್ನು ಬೇರೆ ಪದರವಾಗಿ ಮೇಲೆ ಗುರುತಿಸಿದೆ. ನನ್ನ ಮಟ್ಟಿಗೆ ನಕ್ಷೆಯಲ್ಲಿ ಹೆಚ್ಚು ಉಪಯೋಗದ ಪದರ ಅದೇ.

ಪರೀಕ್ಷೆಗೆ ದೊಡ್ಡ ಸಲಕರಣೆ ಇರಲಿಲ್ಲ. ಮಳೆಗಾಲದ ಆರಂಭದಲ್ಲಿ ಎರಡು ಕೊಲ್ಲಿ ಸೇರುವಲ್ಲಿ ನಿಂತು, ಎರಡರ ನೀರನ್ನೂ ಬಾಟಲಿಯಲ್ಲಿ ಹಿಡಿದಿಟ್ಟು, ಎಷ್ಟು ಮಣ್ಣು ತಳ ಕಟ್ಟುತ್ತದೆ ಎಂದು ಹೋಲಿಸಿದೆ. ಕಾಡಿನ ಕಡೆಯಿಂದ ಬರುವ ಕವಲು ಹೆಚ್ಚಾಗಿ ತಿಳಿಯಾಗಿಯೇ ಇತ್ತು. ತಿದ್ದಿದ ನಕ್ಷೆಗೆ ಅದು ಹೊಂದಿತು.

ನೀವು ಮಾಡುವುದಾದರೆ ಏಪ್ರಿಲ್-ಮೇ ತಿಂಗಳ ಸೆಂಟಿನೆಲ್-2 ಉಪಗ್ರಹದ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳಿ. ಜೂನ್ ನಂತರ ಬರೀ ಮೋಡ. ಮರಗಸಿ (ತೋಟದ ನೆರಳು ಮರಗಳ ಕೊಂಬೆ ಸವರುವುದು) ಮುಗಿದಿದ್ದರೆ ಇನ್ನೂ ಒಳ್ಳೆಯದು, ನೆರಳಿನ ಸಂದಿಯಲ್ಲಿ ನೆಲ ಸ್ವಲ್ಪವಾದರೂ ಕಾಣುತ್ತದೆ.